ದಾರಿಯ ಲೆಕ್ಕ, ಹೊತ್ತಿನ ಲೆಕ್ಕ

ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣಕ್ಕೂ ಶಿವಮೊಗ್ಗದ ಸೋಗಾನೆಯಲ್ಲಿರುವ ಕುವೆಂಪು ವಿಮಾನ ನಿಲ್ದಾಣಕ್ಕೂ ನಡುವಿನ ನೇರ ದೂರ ಸುಮಾರು 238 ಕಿಲೋಮೀಟರು. ಭೂಪಟ ಹರಡಿ, ಅಳತೆಪಟ್ಟಿಯಿಟ್ಟು ಗೆರೆ ಎಳೆದರೆ ಅದು ತುಮಕೂರಿನ ಬಡಗಣ ಮಗ್ಗುಲಿನಿಂದ ಸಾಗಿ, ಹುಳಿಯಾರನ್ನು ಮುಟ್ಟಿ, ಹೊಸದುರ್ಗ ತಾಲ್ಲೂಕಿನ ತೆಂಕಣ ಸೀಮೆಯ ನೆತ್ತಿಯ ಮೇಲೆ ಹಾದು, ಅಜ್ಜಂಪುರದ ಮೇಲಿಂದ ಮಲೆನಾಡಿನ ಅಂಚನ್ನು ಸೇರುತ್ತದೆ. ವಿಮಾನಗಳು ಈ ಗೆರೆಯನ್ನು ದಾರ ಹಿಡಿದಂತೆ ಅನುಸರಿಸುವುದಿಲ್ಲ. ಗಾಳಿ, ಮೋಡ, ನಿಯಂತ್ರಣ ಕೊಠಡಿಯ ಅಪ್ಪಣೆಗಳಿಗೆ ತಕ್ಕಂತೆ ಅತ್ತಿತ್ತ ಸರಿಯುತ್ತವೆ. ಆದರೂ ಲೆಕ್ಕಕ್ಕೆ ಗೆರೆ ಬೇಕು.

2023ರ ಫೆಬ್ರವರಿ 27ರಂದು ಶಿವಮೊಗ್ಗ ನಿಲ್ದಾಣ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಅಲ್ಲಿ ಇಳಿಯಿತು. ಅದರ ವೇಳಾಪಟ್ಟಿಯಲ್ಲಿ ಹೋಗುವುದಕ್ಕೆ ಒಂದೂಕಾಲು ಗಂಟೆ, ಮರಳುವುದಕ್ಕೆ ಒಂದು ಗಂಟೆ ಎಂದಿತ್ತು. ಗಂಟೆಗೆ 500 ಕಿಲೋಮೀಟರಿನಷ್ಟು ವೇಗದ ಎಟಿಆರ್ ವಿಮಾನಕ್ಕೆ ಹೊಸದುರ್ಗ ತಾಲ್ಲೂಕನ್ನು ದಾಟಲು ಐದಾರು ನಿಮಿಷ ಸಾಕು.

ಆ ಗೆರೆಯ ಕೆಳಗಿನ ಸೀಮೆಯಲ್ಲೇ ಹಾಲುರಾಮೇಶ್ವರವಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯವರಿಗೆ ಈ ಊರನ್ನು ಪರಿಚಯಿಸಬೇಕಾಗಿಲ್ಲ. ಅಲ್ಲಿನ ಕೊಳದ ಮುಂದೆ ಹರಕೆ ಹೊತ್ತು ನಿಲ್ಲುವ ಜನ ತಲೆಮಾರುಗಳಿಂದ ನಡೆದೋ, ಗಾಡಿ ಕಟ್ಟಿಕೊಂಡೋ, ಬಸ್ಸು ಹತ್ತಿಯೋ ಬಂದವರು. ಮೇಲೆ ಹಾರುವವನಿಗೆ ಐದಾರು ನಿಮಿಷವಾದ ಈ ನೆಲ, ಕೆಳಗಿರುವವನಿಗೆ ಬೆಂಗಳೂರು ಮುಟ್ಟಬೇಕಾದರೆ ಅರ್ಧ ದಿನ ತಿನ್ನುತ್ತದೆ. ದೂರ ಒಂದೇ, ಹೊತ್ತು ಮಾತ್ರ ಬೇರೆ ಬೇರೆ. ಈ ವ್ಯತ್ಯಾಸ ಎಲ್ಲಿಂದ ಬಂತು? ದೂರವನ್ನು ಪ್ರಕೃತಿ ಕೊಟ್ಟಿರಬಹುದು, ಆದರೆ ಪ್ರಯಾಣದ ಹೊತ್ತನ್ನು ಕೊಡುವುದು, ಕಸಿಯುವುದು ಆಳುವವರು. ನಮ್ಮ ನಾಡಿನ ದಾರಿಗಳ ಚರಿತ್ರೆಯನ್ನು ಈ ಕಣ್ಣಿನಿಂದ ಒಮ್ಮೆ ನೋಡುವುದು ಒಳ್ಳೆಯದು.

ಹೊತ್ತೇ ಅಳತೆಯಾಗಿದ್ದ ಕಾಲ

ಹಳಬರ ಮಾತಿನಲ್ಲಿ ದೂರಕ್ಕೂ ಹೊತ್ತಿಗೂ ನಡುವೆ ಗೋಡೆ ಇರಲಿಲ್ಲ. ಕೂಗಿದರೆ ಕೇಳಿಸುವಷ್ಟು ದೂರ ಕೂಗಳತೆ. ಅದಕ್ಕಿಂತ ಹೆಚ್ಚಿನದಕ್ಕೆ ಹರದಾರಿ, ಅಂದರೆ ಸುಮಾರು ಮೂರು ಮೈಲಿ. ಇನ್ನೂ ದೊಡ್ಡದಕ್ಕೆ ಗಾವುದ, ಸುಮಾರು ಹನ್ನೆರಡು ಮೈಲಿ. ಇವು ಸೀಮೆಯಿಂದ ಸೀಮೆಗೆ ಹಿಗ್ಗುತ್ತಿದ್ದವು, ಕುಗ್ಗುತ್ತಿದ್ದವು. ಹೊಳೆ, ದಿಣ್ಣೆ, ಕೆಸರು ಅಡ್ಡ ಬಂದರೆ ಅದೇ ಹರದಾರಿ ಉದ್ದವಾಗುತ್ತಿತ್ತು. ಇದನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ನಡೆಯುವವನಿಗೆ ಬೇಕಾದದ್ದು ಕತ್ತಲಾಗುವ ಮುನ್ನ ಊರು ಸಿಗುತ್ತದೋ ಇಲ್ಲವೋ ಎಂಬ ಲೆಕ್ಕ. ಹರದಾರಿ ಅದನ್ನು ಹೇಳುತ್ತಿತ್ತು.

ಉರ್ದು, ಫಾರಸಿ, ಅರಬಿ ಮಾತುಗಳಲ್ಲಿಯೂ ಇದೇ ಕಥೆ. ನಾವು ಗುರಿ ಎಂಬ ಅರ್ಥದಲ್ಲಿ ಬಳಸುವ 'ಮಂಜಿಲ್' ಮೂಲದಲ್ಲಿ ಇಳಿಯುವ ಜಾಗ. ದಿನದ ದಾರಿ ಮುಗಿಸಿ ಪ್ರಾಣಿಯ ಬೆನ್ನಿನಿಂದ ಹೊರೆ ಇಳಿಸುವ ತಾಣ. ಫರ್ಸಖ್ ಎಂಬ ಅಳತೆಯ ಹಿಂದೆ ಒಂದು ಗಂಟೆಯ ನಡಿಗೆಯ ಕಲ್ಪನೆಯಿದೆ. ಪ್ರಯಾಣಿಕನಿಗೆ ನಮಾಜಿನಲ್ಲಿ ಸಿಗುವ ರಿಯಾಯಿತಿಯನ್ನು ಹನಫಿ ವಿದ್ವಾಂಸರು ಮೊದಲಿಗೆ ಹೇಳಿದ್ದು ಮೂರು ದಿನಗಳ ಸಾಧಾರಣ ನಡಿಗೆಯ ಲೆಕ್ಕದಲ್ಲಿ. ಮುಂದೆ ಉಪಖಂಡದ ಉಲೆಮಾಗಳು ಅದನ್ನು ಮೈಲಿಗಳಿಗೆ ಇಳಿಸಿದರು. ಬಹಳಷ್ಟು ಮಂದಿ 48 ಮೈಲಿ ಎಂದರು, ಕೆಲವರು ಅದಕ್ಕಿಂತ ಹೆಚ್ಚೆಂದರು. ಹೀಗಾಗಿ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಒಂದು ಗಂಟೆಯಲ್ಲಿ ಹಾರಿದವನೂ ಶಾಸ್ತ್ರದ ಲೆಕ್ಕದಲ್ಲಿ ಮುಸಾಫಿರನೇ. ಅವನಿಗೆ ಆಯಾಸವಾಯಿತೇ ಎಂದು ಯಾರೂ ಕೇಳುವುದಿಲ್ಲ. ಹೊತ್ತಿನಿಂದ ಹುಟ್ಟಿದ ಅಳತೆ ದೂರವಾಗಿ ಗಟ್ಟಿಗೊಂಡದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಓಟಗಾರನೂ ಎತ್ತೂ

ಮನುಷ್ಯನಿಗಿಂತ ಮೊದಲು ವೇಗ ಪಡೆದದ್ದು ಕಾಗದ. ಹದಿನಾಲ್ಕನೆಯ ಶತಮಾನದಲ್ಲಿ ಬಂದ ಇಬ್ನ್ ಬತೂತ, ಸಿಂಧ್‌ನಿಂದ ದಿಲ್ಲಿಗೆ ಐವತ್ತು ದಿನಗಳ ದಾರಿಯಾದರೂ ಸುಲ್ತಾನನ ಅಂಚೆ ಐದೇ ದಿನದಲ್ಲಿ ಸುದ್ದಿ ಮುಟ್ಟಿಸುತ್ತಿತ್ತು ಎಂದು ಬರೆದಿದ್ದಾನೆ. ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ಗೆಜ್ಜೆ ಕಟ್ಟಿದ ಕೋಲು ಹಿಡಿದು ಓಡುವ ಕಾಲಾಳುಗಳು ಕುದುರೆಯ ಅಂಚೆಗಿಂತಲೂ ಚುರುಕಾಗಿದ್ದರಂತೆ. ಗೆಜ್ಜೆಯ ಸದ್ದು ಕೇಳಿ ಮುಂದಿನ ಕಟ್ಟೆಯವನು ಎದ್ದು ಸಿದ್ಧನಾಗುತ್ತಿದ್ದ. ಒಂದೇ ದಾರಿ, ಒಂದೇ ದೂರ. ಜನಸಾಮಾನ್ಯನಿಗೆ ಐವತ್ತು ದಿನ, ದೊರೆಯ ಕಾಗದಕ್ಕೆ ಐದು ದಿನ.

ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆಯ ವ್ಯವಸ್ಥೆ ಕಟ್ಟಿದರು. ಹೈದರ್ ಮತ್ತು ಟಿಪ್ಪು ಅದನ್ನು ಬೆಳೆಸಿದರು. ಟಿಪ್ಪುವಿನ ಕಾಲದ ಒಂದು ವಿವರವನ್ನು ಮೈಸೂರಿನ ಚೀಫ್ ಕಮಿಷನರ್ ಆಗಿದ್ದ ಬೌರಿಂಗ್ 1893ರ ತನ್ನ ಪುಸ್ತಕದಲ್ಲಿ ಕೊಟ್ಟಿದ್ದಾನೆ. ಕಲಿಮಾದಲ್ಲಿ 24 ಅಕ್ಷರಗಳಿರುವುದರಿಂದ ಟಿಪ್ಪು 24 ಹೆಬ್ಬೆರಳಗಲದ ಲೆಕ್ಕದ ಮೇಲೆ ಗಜವನ್ನೂ, ಆ ಗಜದ ಮೇಲೆ ಕೋಸನ್ನೂ ನಿಗದಿ ಮಾಡಿದನಂತೆ. ಹಾಗೆ ಆದ ಕೋಸು ಸುಮಾರು ಎರಡೂ ಮುಕ್ಕಾಲು ಮೈಲಿ. ಅಂಚೆಯವನು ಅದನ್ನು ಮೂವತ್ತಮೂರೂ ಮುಕ್ಕಾಲು ನಿಮಿಷದಲ್ಲಿ ಮುಗಿಸಬೇಕು, ತಪ್ಪಿದರೆ ಚಡಿಯೇಟು. ಬೌರಿಂಗ್ ಟಿಪ್ಪುವನ್ನು ಮೆಚ್ಚಿ ಬರೆದವನಲ್ಲ. ಏಟಿನ ಮಾತನ್ನು ಅವನು ಒತ್ತಿ ಹೇಳುವುದು ಸಹಜ. ಆದರೆ ಈ ಲೆಕ್ಕದಲ್ಲಿ ಮುಖ್ಯವಾದ ಇನ್ನೊಂದಿದೆ. ಇಲ್ಲಿ ದೂರ ಮತ್ತು ಹೊತ್ತು ಎರಡನ್ನೂ ರಾಜ್ಯವೇ ಗೊತ್ತು ಮಾಡಿ, ಎರಡನ್ನೂ ಒಟ್ಟಿಗೆ ಕಟ್ಟಿದೆ. ಇವತ್ತಿನ ವೇಳಾಪಟ್ಟಿಯ ಬೀಜ ಇದೇ. ಆ ವೇಗ ಗಂಟೆಗೆ ಎಂಟು ಕಿಲೋಮೀಟರಿಗೆ ಕೊಂಚ ಕಡಿಮೆ. ಕೋಸಿಗೊಬ್ಬರಂತೆ ಓಟಗಾರರು ಬದಲಾಗುತ್ತ ಹೋದರೆ ನಮ್ಮ 238 ಕಿಲೋಮೀಟರಿನ ಗೆರೆಯನ್ನು ಕಾಗದವೊಂದು ಮೂವತ್ತು ಗಂಟೆಯಲ್ಲಿ ದಾಟುತ್ತಿತ್ತು. ಈ ಟಿಪ್ಪು ಹುಟ್ಟಿದ ದೇವನಹಳ್ಳಿಯ ಮಗ್ಗುಲಲ್ಲೇ ಇಂದಿನ ಬೆಂಗಳೂರು ವಿಮಾನ ನಿಲ್ದಾಣವಿದೆ.

ಕಾಗದ ಓಟಗಾರನ ಕೈಯಲ್ಲಿ ಹೋಯಿತು. ತೋಪು, ಮದ್ದು, ದಂಡಿನ ಸಾಮಾನು ಹೋದದ್ದು ಎತ್ತಿನ ಹೆಗಲ ಮೇಲೆ. ಚಿಕ್ಕದೇವರಾಜರ ಕಾಲದಲ್ಲಿ ಬೆಣ್ಣೆಚಾವಡಿ ಎನಿಸಿಕೊಂಡಿದ್ದ ರಾಸುಗಳ ಇಲಾಖೆಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. ಈ ಎತ್ತುಗಳ ಬಲದಿಂದ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿ ಚಿದಂಬರಂ ಕೋಟೆಯ ನೆರವಿಗೆ ಹೋದ ಸಂಗತಿಯನ್ನು ಗೆಜೆಟಿಯರುಗಳು ದಾಖಲಿಸಿವೆ. ಸಾಮಾನ್ಯ ಗಾಡಿಯ ಎತ್ತು ದಿನಕ್ಕೆ 20–25 ಕಿಲೋಮೀಟರು ನಡೆದರೆ ಹೆಚ್ಚು. ಅಮೃತಮಹಲ್ ಎತ್ತು ಅದರ ಎರಡು ಮೂರು ಪಟ್ಟು. ಈ ತಳಿ ಬೆಳೆದದ್ದು ಚಿತ್ರದುರ್ಗ, ಚಿಕ್ಕಮಗಳೂರು, ತುಮಕೂರು, ಹಾಸನ ಸೀಮೆಗಳ ಕಾವಲುಗಳ ಹುಲ್ಲಿನಲ್ಲಿ. ನಮ್ಮ ಗೆರೆ ಹಾಯುವ ಅಜ್ಜಂಪುರದಲ್ಲಿ 1929ರಿಂದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಒಂದು ಕಾಲದ ವೇಗದ ಮೇಲೆ ಇನ್ನೊಂದು ಕಾಲದ ವೇಗ ಹಾರಿಹೋಗುತ್ತದೆ.

ವೇಗದ ಈ ಚರಿತ್ರೆಯಲ್ಲಿ ಹೆಮ್ಮೆಯಷ್ಟೇ ಇಲ್ಲ. 1779ರಲ್ಲಿ ಹೈದರ್ ಚಿತ್ರದುರ್ಗವನ್ನು ಗೆದ್ದಾಗ ಮದಕರಿನಾಯಕನನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಕಳಿಸಿದ. ಸಾವಿರಾರು ಬೇಡರನ್ನು ನೆಲ ಬಿಡಿಸಿ ಅಲ್ಲಿಗೆ ಸಾಗಿಸಿದ. ಹರಕಾರನಿಗೆ ಒಂದೆರಡು ದಿನವಾಗಿದ್ದ ದಾರಿ ಅದೇ. ಕೂಸುಕುನ್ನಿ ಕಟ್ಟಿಕೊಂಡು, ಕಾವಲಿನವರ ನಡುವೆ, ಹಿಂದಿರುಗುವ ಭರವಸೆಯಿಲ್ಲದೆ ನಡೆದವರಿಗೆ ಆ ದಾರಿ ಎಷ್ಟು ದಿನದ್ದು ಎಂದು ಯಾವ ಕೋಸಿನ ಲೆಕ್ಕವೂ ಹೇಳಲಾರದು. ದಾರಿಯ ಚರಿತ್ರೆ ಬರೆಯುವಾಗ ಅವರನ್ನು ಬಿಟ್ಟು ಅಂಚೆಯ ಚುರುಕನ್ನಷ್ಟೇ ಹೊಗಳಿದರೆ ಅದು ಚರಿತ್ರೆಯಾಗುವುದಿಲ್ಲ.

ನೇರ ಗೆರೆ ಎಳೆದವರು

ನಡೆಯುವವನಿಗೆ ನೇರ ಗೆರೆಯಿಂದ ಪ್ರಯೋಜನವಿಲ್ಲ. ಕೆರೆ, ಬೆಟ್ಟ, ಕಾಡು ಅವನನ್ನು ಸುತ್ತಾಡಿಸುತ್ತವೆ. ಹಾಗಿದ್ದೂ ಹಕ್ಕಿ ಹಾರುವ ದಾರಿಯನ್ನು ಅಳೆಯಬೇಕೆಂಬ ಹಂಬಲ ವಿಮಾನಕ್ಕಿಂತ ಸಾವಿರ ವರ್ಷ ಹಳೆಯದು. ಒಂಬತ್ತನೆಯ ಶತಮಾನದಲ್ಲಿ ಖಲೀಫ ಮಾಮೂನನ ವಿದ್ವಾಂಸರು ಸಿಂಜಾರಿನ ಬಯಲಿನಲ್ಲಿ ಭೂಮಿಯ ಒಂದು ಡಿಗ್ರಿಯ ಉದ್ದವನ್ನು ಅಳೆದರು. ಹನ್ನೊಂದನೆಯ ಶತಮಾನದಲ್ಲಿ ಅಲ್‌ಬಿರೂನಿ, ಈಗ ಪಾಕಿಸ್ತಾನದಲ್ಲಿರುವ ನಂದನ ಕೋಟೆಯ ಬಳಿ ಬೆಟ್ಟದ ಎತ್ತರ ಮತ್ತು ದಿಗಂತದ ಇಳಿವನ್ನು ಅಳೆದು ಭೂಮಿಯ ಸುತ್ತಳತೆ ಕಂಡುಹಿಡಿದ. ಗಜನಿಯ ಕಿಬ್ಲಾ ದಿಕ್ಕನ್ನು ಖಚಿತ ಮಾಡಿಕೊಳ್ಳಲು ಬಗ್ದಾದಿನಿಂದ ಗಜನಿಯವರೆಗಿನ ಊರುಗಳ ಅಕ್ಷಾಂಶ, ರೇಖಾಂಶಗಳನ್ನು ಲೆಕ್ಕಹಾಕಿದ. ಕಾರವಾನಿನವರು ಹೇಳುವ ಫರ್ಸಖುಗಳನ್ನು ಅವನು ಹಾಗೆಯೇ ಒಪ್ಪಲಿಲ್ಲ. ದಾರಿಯ ತಿರುವುಗಳಿಗಾಗಿ ಒಂದಿಷ್ಟು ಕಳೆದು ನೇರ ದೂರವನ್ನು ಹೊರತೆಗೆದ. ಇವತ್ತು ಎರಡು ವಿಮಾನ ನಿಲ್ದಾಣಗಳ ದೂರ ತಿಳಿಯಲು ಯಂತ್ರಗಳು ಮಾಡುವ ಗಣಿತ ಮೂಲತಃ ಅದೇ ಗೋಲದ ಗಣಿತ. ಎರಡು ತಾಣಗಳ ಅಕ್ಷಾಂಶ ರೇಖಾಂಶ ಕೊಟ್ಟರೆ ಭೂಮಿಯ ಬೆನ್ನಿನ ಮೇಲಿನ ಅತಿ ಕಿರಿದಾದ ಕಮಾನು ಸಿಗುತ್ತದೆ. ವಿಮಾನದವರು ಬಳಸುವ ನಾಟಿಕಲ್ ಮೈಲಿಯೂ ಭೂಮಿಯ ಡಿಗ್ರಿಯ ಅರವತ್ತರಲ್ಲೊಂದು ಪಾಲು, 1.852 ಕಿಲೋಮೀಟರು.

ನಮ್ಮ ನೆಲದಲ್ಲಿ ಈ ಗೆರೆಯನ್ನು ಎಳೆಯಲು ಹೊರಟವನು ವಿಲಿಯಂ ಲ್ಯಾಂಬ್ಟನ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಮರುವರ್ಷವೇ, 1800ರ ಕೊನೆಯಲ್ಲಿ, ಬೆಂಗಳೂರಿನ ಬಳಿ ಉಕ್ಕಿನ ಸರಪಳಿ ಹಾಸಿ ಏಳೂವರೆ ಮೈಲಿಗೆ ಕೊಂಚ ಕಡಿಮೆಯ ಆಧಾರರೇಖೆಯನ್ನು ಅವನು ಅಳೆದ. ಅಲ್ಲಿಂದ ತ್ರಿಕೋನಗಳನ್ನು ಹೆಣೆಯುತ್ತ ಹೋಗಿ, 1802ರಲ್ಲಿ ಮದ್ರಾಸಿನಲ್ಲಿ ಇನ್ನೊಂದು ರೇಖೆ ಹಿಡಿದು, ಮಂಗಳೂರಿನವರೆಗೆ ಮುಟ್ಟಿಸಿದ. ಮದ್ರಾಸಿಗೂ ಮಂಗಳೂರಿಗೂ 400 ಮೈಲಿ ಎಂದು ಹಳೆಯ ನಕಾಶೆಗಳು ಹೇಳುತ್ತಿದ್ದವು. ಅಳೆದರೆ 360 ಮೈಲಿ. ಒಂದೇ ಏಟಿಗೆ ನಮ್ಮ ನಾಡು 40 ಮೈಲಿ ಕಿರಿದಾಯಿತು. ನಡೆಯುವವನ ದಾರಿ ಮಾತ್ರ ಒಂದು ಹೆಜ್ಜೆಯೂ ಕಡಿಮೆಯಾಗಲಿಲ್ಲ. ಅದೇ ದಿನಗಳಲ್ಲಿ ಕಂಪನಿ ಸರ್ಕಾರದ ಅಪ್ಪಣೆಯಂತೆ ನಾಡನ್ನು ಸುತ್ತುತ್ತಿದ್ದ ಫ್ರಾನ್ಸಿಸ್ ಬುಕಾನನ್, 1801ರಲ್ಲಿ ಚಿತ್ರದುರ್ಗ, ಹಿರಿಯೂರು ಸೀಮೆಯನ್ನು ಹಾದುಹೋದ. ಅವನ ದಿನಚರಿಯಲ್ಲಿ ದಿನದ ದಾರಿ ಕೋಸುಗಳಲ್ಲೇ ಇದೆ. ನಕಾಶೆಗೆ ಮೈಲಿ, ಕಾಲಿಗೆ ಕೋಸು. ಎರಡು ಲೆಕ್ಕಗಳು ಬೇರೆಯಾದದ್ದು ಆಗಲೇ.

ಬೆಂಗಳೂರಿನಲ್ಲಿ ಧಾನ್ಯ, ದುರ್ಗದಲ್ಲಿ ಹಸಿವು

ಪ್ರಯಾಣದ ಹೊತ್ತು ಬರೀ ಅನುಕೂಲದ ಮಾತಲ್ಲ, ಜೀವದ ಮಾತು ಎಂಬುದನ್ನು ಈ ಸೀಮೆ 1876–78ರ ಬರದಲ್ಲಿ ಕಂಡಿತು. ಮದ್ರಾಸಿನಿಂದ ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ. ಬರ ಬಂದಾಗ ಹೊರಗಿನ ಧಾನ್ಯ ಬೆಂಗಳೂರಿನವರೆಗೆ ರೈಲಿನಲ್ಲಿ ಬಂತು. ಅಲ್ಲಿಂದ ಮುಂದೆ ಹಳಿ ಇರಲಿಲ್ಲ. ಬೆಂಗಳೂರಿನಿಂದ ಚಿತ್ರದುರ್ಗಕ್ಕೆ 200 ಕಿಲೋಮೀಟರು. ಒಳ್ಳೆಯ ವರ್ಷದಲ್ಲಿ ಗಾಡಿಗೆ ಎಂಟು ಹತ್ತು ದಿನದ ದಾರಿ. ಬರದ ವರ್ಷದಲ್ಲಿ ದಾರಿಯುದ್ದಕ್ಕೂ ಮೇವಿಲ್ಲ, ನೀರಿಲ್ಲ, ಎತ್ತುಗಳೇ ಸತ್ತು ಬೀಳುತ್ತಿರುವಾಗ ಧಾನ್ಯ ಹೊರುವವರು ಯಾರು? ಮೇವನ್ನೂ ಗಾಡಿಯಲ್ಲೇ ಹೇರಿಕೊಂಡು ಹೊರಟರೆ ಧಾನ್ಯಕ್ಕೆ ಉಳಿಯುವ ಜಾಗವೆಷ್ಟು? ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಐವತ್ತು ಲಕ್ಷಕ್ಕೆ ಮೇಲಿತ್ತು. 1881ರ ಗಣತಿಯಲ್ಲಿ ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಮಳೆ ಕೈಕೊಟ್ಟದ್ದು ನಿಜ. ಕೊನೆಯ 200 ಕಿಲೋಮೀಟರು ಕೈಕೊಟ್ಟದ್ದೂ ಅಷ್ಟೇ ನಿಜ.

ಬರದ ಪಾಠದಿಂದಲೇ ಒಳನಾಡಿಗೆ ಹಳಿ ಬಂತು. 1884ರಲ್ಲಿ ತುಮಕೂರು ದಾಟಿ ಗುಬ್ಬಿಯವರೆಗೆ, 1889ರಲ್ಲಿ ಗುಬ್ಬಿಯಿಂದ ಹರಿಹರದವರೆಗೆ. ಅದೇ 1889ರಲ್ಲಿ ಮೈಸೂರಿನ ಹಳೆಯ ಅಂಚೆ ಬ್ರಿಟಿಷ್ ಭಾರತದ ಅಂಚೆಯಲ್ಲಿ ಲೀನವಾಯಿತು. ಓಟಗಾರನ ಗೆಜ್ಜೆ ನಿಂತು ಎಂಜಿನ್ನಿನ ಸಿಳ್ಳೆ ಕೇಳತೊಡಗಿದ ವರ್ಷವೆಂದು ಅದನ್ನು ಕರೆಯಬಹುದು. ಈ ಹಳಿ ಬೀರೂರಿನಿಂದ ಚಿಕ್ಕಜಾಜೂರಿನ ಕಡೆ ತಿರುಗಿ ಹೊಸದುರ್ಗ ಸೀಮೆಯ ಪಡುವಣ ಅಂಚಿನಲ್ಲಿ ಹೋಯಿತು. ಚಿತ್ರದುರ್ಗ ಪಟ್ಟಣಕ್ಕೆ ಚಿಕ್ಕಜಾಜೂರಿನಿಂದ ಕವಲು ಹಳಿ ಬಂದದ್ದು 1921ರಲ್ಲಿ. ಹೊಸದುರ್ಗದವರಿಗೆ ದಕ್ಕಿದ ನಿಲ್ದಾಣದ ಹೆಸರು 'ಹೊಸದುರ್ಗ ರೋಡ್'. ರೈಲ್ವೆಯ ಭಾಷೆಯಲ್ಲಿ ಊರಿನ ಹೆಸರಿನ ಮುಂದೆ 'ರೋಡ್' ಎಂದು ಸೇರಿಸಿದರೆ ಅರ್ಥ ಸ್ಪಷ್ಟ: ಊರು ಇಲ್ಲಿಲ್ಲ, ಊರಿಗೆ ಹೋಗುವ ದಾರಿ ಇಲ್ಲಿದೆ. ಅಲ್ಲಿ ಇಳಿದವರು ಊರಿಗೆ ಇನ್ನೊಂದು ಗಾಡಿ ಹುಡುಕಬೇಕು. ವೇಳಾಪಟ್ಟಿಯಲ್ಲಿ ಆ ಹೊತ್ತು ಎಂದೂ ಬರೆದಿರಲಿಲ್ಲ.

ರೈಲು ಇನ್ನೊಂದನ್ನೂ ತಂದಿತು, ಒಂದೇ ಗಡಿಯಾರ. ಅಲ್ಲಿಯವರೆಗೆ ಊರೂರಿಗೆ ಅದರದೇ ನಡುಹಗಲು. ರೈಲ್ವೆಗಳು ಮದ್ರಾಸ್ ಸಮಯವನ್ನು ಹಿಡಿದವು. 1906ರ ಜನವರಿ 1ರಿಂದ ಭಾರತದ ಶಿಷ್ಟಕಾಲ ಬಂತು. ಆ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ಹೊಸದುರ್ಗದ ಸೂರ್ಯ ಅದಕ್ಕಿಂತ ಸುಮಾರು 25 ನಿಮಿಷ ಹಿಂದೆ. ಬೆಂಗಳೂರು ಮತ್ತು ಶಿವಮೊಗ್ಗ ನಿಲ್ದಾಣಗಳ ನಡುವೆಯೂ ಸೂರ್ಯನ ಲೆಕ್ಕದಲ್ಲಿ ಎಂಟು ನಿಮಿಷಗಳ ಅಂತರವಿದೆ. ನಮಾಜಿನ ವೇಳಾಪಟ್ಟಿಗಳಲ್ಲಿ ಬೆಂಗಳೂರಿನ ಹೊತ್ತನ್ನು ಕೊಟ್ಟು, ಪಡುವಣ ಊರುಗಳವರು ಇಷ್ಟಿಷ್ಟು ನಿಮಿಷ ಸೇರಿಸಿಕೊಳ್ಳಿ ಎಂದು ಕೆಳಗೆ ಅಚ್ಚು ಹಾಕುವುದನ್ನು ನಾವೆಲ್ಲ ನೋಡಿದ್ದೇವೆ. ಸರ್ಕಾರದ ಗಡಿಯಾರ ಅಳಿಸಿಹಾಕಿದ ಊರಿನ ಹೊತ್ತು ಹೀಗೆ ಮಸೀದಿಯ ಗೋಡೆಯ ಮೇಲೆ, ಪಂಚಾಂಗದ ಹಾಳೆಯ ಮೇಲೆ ಬದುಕಿ ಉಳಿದಿದೆ.

ಬಳ್ಳಾರಿಗೆ ಬಂದ ಕಾಗದದ ಚೀಲ

ಆಕಾಶದಲ್ಲಿಯೂ ಮೊದಲು ಬಂದದ್ದು ಕಾಗದವೇ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಚೀಲ ಹೊತ್ತ ಪುಟ್ಟ ಪಸ್ ಮಾತ್ ವಿಮಾನವನ್ನು ಅಹ್ಮದಾಬಾದಿನ ಮೂಲಕ ಮುಂಬಯಿಯ ಜುಹುಗೆ ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಬಳ್ಳಾರಿಯ ಮೂಲಕ ಮದ್ರಾಸಿಗೆ ಹಾರಿದರು. ಮುಂಬಯಿಗೂ ಬಳ್ಳಾರಿಗೂ ನೇರ ದೂರ 600 ಕಿಲೋಮೀಟರಿಗೆ ಕೊಂಚ ಹೆಚ್ಚು. ಗಂಟೆಗೆ 160 ಕಿಲೋಮೀಟರಿನಷ್ಟು ವೇಗದ ಆ ವಿಮಾನಕ್ಕೆ ನಾಲ್ಕು ಗಂಟೆಯ ಕೆಲಸ. ಚಿತ್ರದುರ್ಗದ ನೆರೆಯ ಬಳ್ಳಾರಿ ಹೀಗೆ ದೇಶದ ಮೊದಲ ನಿಯತ ವಿಮಾನ ಅಂಚೆಯ ನಕಾಶೆಯಲ್ಲಿ ಸೇರಿತು. ಕೆಲಕಾಲದಲ್ಲೇ ಮಾರ್ಗ ಹೈದರಾಬಾದಿನ ಕಡೆಗೆ ಹೊರಳಿತು, ಬಳ್ಳಾರಿ ಮತ್ತೆ ನೆಲದ ಊರಾಯಿತು. ಗೆರೆ ಎಳೆಯುವ ಕೈ ಅದನ್ನು ಅಳಿಸಲೂ ಬಲ್ಲುದು.

ಆಮೇಲಿನ ಕಥೆ ಗೊತ್ತಿರುವಂಥದ್ದು. 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪನೆ. 1951ರ ಡಿಸೆಂಬರ್ 25ರಂದು ನೆಹರೂ ಡಕೋಟಾದಲ್ಲಿ ಬಂದಿಳಿದು ಮಂಗಳೂರಿನ ಬಜ್ಪೆ ನಿಲ್ದಾಣದ ಆರಂಭ. 2003ರ ಆಗಸ್ಟಿನಲ್ಲಿ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್. 2008ರ ಮೇ 24ರಿಂದ ನಗರದೊಳಗಿನ ಹಳೆಯ ನಿಲ್ದಾಣ ಬಿಟ್ಟು ದೇವನಹಳ್ಳಿ. 2017ರ ಏಪ್ರಿಲಿನಲ್ಲಿ ಸಣ್ಣ ಊರುಗಳಿಗಾಗಿ ಉಡಾನ್ ಯೋಜನೆಯ ಮೊದಲ ಹಾರಾಟ. ಒಂದು ಗಂಟೆಯ ಹಾರಾಟಕ್ಕೆ, ಕೆಲವು ಸೀಟುಗಳ ಮಟ್ಟಿಗಾದರೂ, 2,500 ರೂಪಾಯಿ ಎಂದು ಆ ಯೋಜನೆ ಹೊರಟಾಗ ಘೋಷಿಸಿತು. ಟಿಪ್ಪುವಿನ ಕೋಸಿನಂತೆ ಇಲ್ಲಿಯೂ ಹೊತ್ತು, ದೂರ, ಬೆಲೆ ಮೂರನ್ನೂ ರಾಜ್ಯವೇ ಕಟ್ಟಿತು.

ವೇಳಾಪಟ್ಟಿಯ ಆ ಒಂದು ಗಂಟೆಯನ್ನು ಈಗ ಬಿಡಿಸಿ ನೋಡೋಣ. 238 ಕಿಲೋಮೀಟರಿಗೆ ಗಂಟೆಗೆ 500ರ ವೇಗದಲ್ಲಿ ಅರ್ಧ ಗಂಟೆ ಸಾಕು. ಉಳಿದ ಹೊತ್ತು ಎಲ್ಲಿ ಹೋಯಿತು? ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ, ಇಳಿದ ಊರಿನಲ್ಲಿ ಮತ್ತೆ ನಿಂತ ಕ್ಷಣದವರೆಗೆ ವೇಳಾಪಟ್ಟಿ ಎಣಿಸುತ್ತದೆ. ದೊಡ್ಡ ನಿಲ್ದಾಣದಲ್ಲಿ ರನ್‌ವೇಯವರೆಗಿನ ಉರುಳಾಟ, ಸರದಿಗಾಗಿ ಕಾಯುವುದು, ಏರುವಾಗಿನ ಮತ್ತು ಇಳಿಯುವಾಗಿನ ನಿಧಾನ, ಗಾಳಿಯ ದಿಕ್ಕಿಗೆ ತಿರುಗಿ ಬರುವ ಸುತ್ತು ಎಲ್ಲವೂ ಅದರಲ್ಲಿ ಸೇರಿವೆ. ಮುಂಗಾರಿನ ಪಡುವಣ ಗಾಳಿ ಶಿವಮೊಗ್ಗದ ಕಡೆ ಹೋಗುವಾಗ ತಡೆಯುತ್ತದೆ, ಬರುವಾಗ ತಳ್ಳುತ್ತದೆ. ಇಷ್ಟೆಲ್ಲ ಸೂಕ್ಷ್ಮವಾಗಿ ಎಣಿಸುವ ವೇಳಾಪಟ್ಟಿ ಪ್ರಯಾಣಿಕನ ಮನೆಯಿಂದ ಆಚೀಚಿನ ಹೊತ್ತನ್ನು ಮಾತ್ರ ಎಣಿಸುವುದಿಲ್ಲ.

ಹಾಲುರಾಮೇಶ್ವರದ ಕಡೆಯವರೊಬ್ಬರು ಬೆಂಗಳೂರಿನ ಆಸ್ಪತ್ರೆಗೋ ಕಚೇರಿಗೋ ಹೋಗಬೇಕೆಂದಿಟ್ಟುಕೊಳ್ಳೋಣ. ಹೊಸದುರ್ಗದಿಂದ ಶಿವಮೊಗ್ಗ ನಿಲ್ದಾಣಕ್ಕೆ ನೇರ ದೂರವೇ 70 ಕಿಲೋಮೀಟರಿಗೆ ಮೇಲು, ಅದೂ ಬೆಂಗಳೂರಿಗೆ ಬೆನ್ನು ಮಾಡಿ ಪಡುವಣಕ್ಕೆ. ರಸ್ತೆಯಲ್ಲಿ ಇನ್ನೂ ಹೆಚ್ಚು. ಅಲ್ಲಿ ಒಂದು ಗಂಟೆ ಮುಂಚೆಯಾದರೂ ಹಾಜರಿರಬೇಕು. ವಿಮಾನ ಅವರನ್ನು ಅವರದೇ ತಾಲ್ಲೂಕಿನ ಮೇಲಿಂದ ಹಾರಿಸಿ ದೇವನಹಳ್ಳಿಗೆ ತಂದುಬಿಡುತ್ತದೆ. ಅಲ್ಲಿಂದ ನಗರಕ್ಕೆ ಮತ್ತೆ 35–40 ಕಿಲೋಮೀಟರು. ಎಲ್ಲ ಕೂಡಿದರೆ ಐದಾರು ಗಂಟೆ. ಹೊಸದುರ್ಗದ ಬಸ್ಸಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು, ದುಡ್ಡು ಅದರ ಒಂದು ಪಾಲು. ಹೀಗೆಂದು ನಾವು ವಿಮಾನ ನಿಲ್ದಾಣ ಬೇಡವೆನ್ನುತ್ತಿಲ್ಲ. ಶಿವಮೊಗ್ಗದ ವ್ಯಾಪಾರಿಗೆ, ದೂರದೇಶದಲ್ಲಿ ಮಕ್ಕಳಿರುವ ತಾಯಿಗೆ ಅದು ನಿಜವಾದ ಉಪಕಾರ. 'ಈ ಭಾಗಕ್ಕೆ ಬೆಂಗಳೂರು ಒಂದು ಗಂಟೆಯ ದೂರವಾಯಿತು' ಎಂಬ ಮಾತಿನಲ್ಲಿ 'ಈ ಭಾಗ' ಎಂದರೆ ಯಾರು ಎಂದಷ್ಟೇ ಕೇಳುತ್ತಿದ್ದೇವೆ.

ಇದೇ ಜಿಲ್ಲೆಯ ನೆಲದ ಮೇಲೂ ಒಂದು ಹಾರಾಟದ ತಾಣವಿದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ ರಕ್ಷಣಾ ಸಂಶೋಧನಾ ಸಂಸ್ಥೆಯವರು ಚಾಲಕರಹಿತ ವಿಮಾನಗಳನ್ನು ಪರೀಕ್ಷಿಸುವ ಕ್ಷೇತ್ರ 2017ರಲ್ಲಿ ಉದ್ಘಾಟನೆಯಾಯಿತು. ಆ ನೆಲ ಅಮೃತಮಹಲ್ ಕಾವಲಿನದು. ಹೈದರನ ತೋಪೆಳೆದ ಎತ್ತುಗಳ ಸಂತತಿ ಮೇಯುತ್ತಿದ್ದ ಹುಲ್ಲುಗಾವಲನ್ನು ಸಂಸ್ಥೆಗಳಿಗೆ ಹಂಚಿದಾಗ ಸುತ್ತಲ ಹಳ್ಳಿಗಳ ಕುರಿಗಾಹಿಗಳು, ರೈತರು ತಕರಾರು ತೆಗೆದರು. ವ್ಯಾಜ್ಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಅಲ್ಲಿ ಹಾರುವ ವಿಮಾನಗಳಲ್ಲಿ ಪ್ರಯಾಣಿಕರಿಲ್ಲ.

ಹಜ್ಜಿನ ದಾರಿ

ಹೊತ್ತು ಕಡಿಮೆಯಾದಾಗ ಪ್ರಯಾಣದ ಅರ್ಥವೂ ಬದಲಾಗುತ್ತದೆ ಎಂಬುದಕ್ಕೆ ಹಜ್ ಯಾತ್ರೆ ಸಾಕ್ಷಿ. ನಮ್ಮ ಹಿರಿಯರ ಕಾಲದಲ್ಲಿ ಬಯಲುಸೀಮೆಯಿಂದ ಹಜ್ಜಿಗೆ ಹೊರಟವರು ರೈಲಿನಲ್ಲಿ ಮುಂಬಯಿಗೆ ಹೋಗಿ, ಹಡಗಿಗಾಗಿ ಮುಸಾಫಿರಖಾನೆಯಲ್ಲಿ ಕಾದು, ಮುಘಲ್ ಲೈನಿನ ಹಡಗು ಹತ್ತುತ್ತಿದ್ದರು. ಸಮುದ್ರದ ಮೇಲೆ ಹತ್ತು ಹದಿನೈದು ದಿನ. ಮರಳಿ ಬರುವಷ್ಟರಲ್ಲಿ ತಿಂಗಳುಗಳು ಕಳೆಯುತ್ತಿದ್ದವು. ಹೊರಡುವ ಮುನ್ನ ಅವರು ಸಾಲ ತೀರಿಸಿ, ಮನೆಮನೆಗೆ ಹೋಗಿ 'ಕಹಾ ಸುನಾ ಮಾಫ್' ಎಂದು ಕೈಹಿಡಿದು ಕೇಳುತ್ತಿದ್ದರು. ಹಿಂದೂ ನೆರೆಯವರು ಊರ ಬಾಗಿಲವರೆಗೆ ಬಂದು ಹಾರ ಹಾಕಿ ಕಳಿಸುತ್ತಿದ್ದರು. ಮರಳುವುದು ಖಚಿತವಲ್ಲ ಎಂಬ ಅರಿವು ಆ ವಿದಾಯಕ್ಕೆ ತೂಕ ಕೊಟ್ಟಿತ್ತು. ಮುಂಬಯಿ–ಜಿದ್ದಾ ಹಡಗಿನ ಹಜ್ ಯಾತ್ರೆ 1995ರಲ್ಲಿ ನಿಂತಿತು. ಬೆಂಗಳೂರಿನಿಂದ ಜಿದ್ದಾಕ್ಕೆ ನೇರ ದೂರ ಸುಮಾರು 4,180 ಕಿಲೋಮೀಟರು, ಹಾರಾಟ ಐದಾರು ಗಂಟೆ. ಹೊಸದುರ್ಗದ ಹಾಜಿಗೆ ಮನೆಯಿಂದ ಬೆಂಗಳೂರಿನ ನಿಲ್ದಾಣ ಸೇರಲು ಬೇಕಾಗುವಷ್ಟೇ ಹೊತ್ತಿನಲ್ಲಿ ವಿಮಾನ ಅರಬಿ ಸಮುದ್ರವನ್ನೂ ಮರುಭೂಮಿಯನ್ನೂ ದಾಟಿಬಿಡುತ್ತದೆ. ಮಾಫಿ ಕೇಳುವ ವಾಡಿಕೆ ಈಗಲೂ ಉಳಿದಿದೆ, ಬಹುಪಾಲು ಫೋನಿನಲ್ಲಿ.

ಇನ್ನೂರು ವರ್ಷಗಳಲ್ಲಿ ಓಟಗಾರನ ಮೂವತ್ತು ಗಂಟೆ ಅರ್ಧ ಗಂಟೆಗೆ ಇಳಿಯಿತು, ಅಂದರೆ ಅರವತ್ತು ಪಟ್ಟು ವೇಗ. ನಿಲ್ದಾಣದಿಂದ ನಿಲ್ದಾಣಕ್ಕೆ ಈ ಲೆಕ್ಕ ಸುಳ್ಳಲ್ಲ. ಆದರೆ ನಾಡಿನ ಬೆಳವಣಿಗೆಯನ್ನು ಅಳೆಯಬೇಕಾದದ್ದು ಮನೆಯ ಬಾಗಿಲಿನಿಂದ. 1877ರಲ್ಲಿ ಧಾನ್ಯ ನಿಂತದ್ದು ಬೆಂಗಳೂರಿನ ರೈಲು ನಿಲ್ದಾಣದಲ್ಲಿ. ಮುಟ್ಟಬೇಕಾದ ಬಾಯಿ ಇದ್ದದ್ದು ದುರ್ಗದ ಹಟ್ಟಿಗಳಲ್ಲಿ. ತುಮಕೂರಿನಿಂದ ಸಿರಾ, ಹಿರಿಯೂರು, ಚಿತ್ರದುರ್ಗದ ಮೂಲಕ ದಾವಣಗೆರೆಗೆ ನೇರ ರೈಲುಮಾರ್ಗ 2011–12ರಲ್ಲಿ ಮಂಜೂರಾಯಿತು. ಹತ್ತು ವರ್ಷ ಕಳೆದರೂ ಅದರ ಭೂಸ್ವಾಧೀನ, ಕಾಮಗಾರಿಯ ಸುದ್ದಿಗಳೇ ಪತ್ರಿಕೆಗಳಲ್ಲಿ ಬರುತ್ತಿದ್ದವು. ಆ ಮಾರ್ಗದಲ್ಲಿ ರೈಲು ಓಡಿದ ದಿನ ಹಿರಿಯೂರಿನವರ, ದುರ್ಗದವರ ಹೊತ್ತಿನ ಲೆಕ್ಕ ನಿಜಕ್ಕೂ ಬದಲಾಗುತ್ತದೆ. ಹೊಸದುರ್ಗದವರು ಆಗಲೂ 'ರೋಡ್' ನಿಲ್ದಾಣದಲ್ಲಿಯೇ ಇಳಿಯುತ್ತಾರೆ. ಅಲ್ಲಿಂದ ಊರಿಗೆ, ಊರಿನಿಂದ ಹಾಲುರಾಮೇಶ್ವರದಂಥ ಹಳ್ಳಿಗೆ ಸಂಜೆಯ ಮೇಲೂ ಒಂದು ಬಸ್ಸು ಇರುತ್ತದೆಯೇ ಎಂಬುದನ್ನು ಯೋಜನೆ ಬರೆಯುವವರು ವಿಮಾನದ ಗೆರೆಯಷ್ಟೇ ಶ್ರದ್ಧೆಯಿಂದ ಬರೆದಿಟ್ಟುಕೊಳ್ಳಲಿ.